ನೂರ ಮೂವತ್ತಮೂರು ಹೆಜ್ಜೆ, ಮೇಲೊಂದು ಪಾದ

ಅವನ ನಿಜವಾದ ಹೆಸರು ಗೊತ್ತಿದ್ದದ್ದು ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವನು ಟೇಪಣ್ಣ. ಇಪ್ಪತ್ತೆರಡು ವರ್ಷದಿಂದ ಆ ಶಾಲೆಯ ಮೈದಾನವನ್ನು ನೋಡಿಕೊಳ್ಳುತ್ತಿದ್ದ. ಹುಲ್ಲು ಕತ್ತರಿಸುವುದು, ನೀರು ಹಾಯಿಸುವುದು, ಓಟದ ಗೆರೆಗಳಿಗೆ ಸುಣ್ಣ ಎಳೆಯುವುದು ಅವನ ಕೆಲಸ. ಟೇಪಣ್ಣ ಎಂದು ಹೆಸರು ಬಂದದ್ದು ಅವನು ಟೇಪು ಹಿಡಿಯದೆ ಇದ್ದದ್ದಕ್ಕೆ. ಅವನ ಒಂದು ಹೆಜ್ಜೆ ಎಂದರೆ ಎಪ್ಪತ್ತೈದು ಸೆಂಟಿಮೀಟರು. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ನೂರು ಮೀಟರು ಓಟಕ್ಕೆ ನೂರ ಮೂವತ್ತಮೂರು ಹೆಜ್ಜೆ, ಮೇಲೊಂದು ಪಾದ. ಹಿಂದೆ ಇದ್ದ ಪಿ.ಟಿ. ಮೇಷ್ಟ್ರು ನಂಬದೆ ಮೂರು ಸಲ ಟೇಪು ಹಿಡಿದು ಅಳೆದು ನೋಡಿ, ಮೂರನೆಯ ಸಲ ಟೇಪನ್ನೇ ಬೈದು ಮೂಲೆಗೆಸೆದಿದ್ದರು. ಆ ಮೂವತ್ತು ಮೀಟರಿನ ಟೇಪು ಮೊದಲ ಮೀಟರು ಹರಿದುಹೋಗಿ ಉಗ್ರಾಣದಲ್ಲಿ ಬಿದ್ದಿತ್ತು. ಒಂದು ದಿನ ಅವನ ಹೆಂಡತಿ ಅದನ್ನು ಕೇಳಿ ತೆಗೆದುಕೊಂಡು ಹೋಗಿ ಹಿತ್ತಿಲಲ್ಲಿ ಮೂರು ಸಾಲಾಗಿ ಕಟ್ಟಿ ಬಟ್ಟೆ ಒಣಹಾಕತೊಡಗಿದಳು. ಅಂದಿನಿಂದ ಅವರ ಮನೆಯಲ್ಲಿ ಟವಲು ಎಂಟನೆಯ ಮೀಟರಿನಲ್ಲೂ ಅವನ ಪ್ಯಾಂಟು ಹನ್ನೆರಡರಲ್ಲೂ ಒಣಗುತ್ತಿದ್ದವು.

ಎಣಿಸುವುದು ಅವನಿಗೆ ಉಸಿರಾಟದಷ್ಟೇ ಸಹಜವಾಗಿತ್ತು. ಮನೆಯಿಂದ ಶಾಲೆಯ ಗೇಟಿಗೆ ಆರುನೂರ ಹನ್ನೆರಡು ಹೆಜ್ಜೆ. ಉಗ್ರಾಣದಿಂದ ನಲ್ಲಿಗೆ ನಲವತ್ತು. ಮೈದಾನದ ಪಕ್ಕದಲ್ಲಿದ್ದ ಸಿಮೆಂಟಿನ ಗ್ಯಾಲರಿಗೆ ಒಂಬತ್ತು ಮೆಟ್ಟಿಲು. ಆ ಒಂಬತ್ತೇ ಅವನಿಗೆ ಕೈಕೊಟ್ಟದ್ದು. ರಜೆಯಲ್ಲಿ ಗ್ಯಾಲರಿ ರಿಪೇರಿ ಮಾಡಿದವರು ಕೆಳಗಡೆ ಮಣ್ಣು ತೆಗೆದು ಇನ್ನೊಂದು ಮೆಟ್ಟಿಲು ಕಟ್ಟಿದ್ದರು. ಯಾರೂ ಅವನಿಗೆ ಹೇಳಲಿಲ್ಲ. ಹೇಳಬೇಕಾದ ವಿಷಯ ಎಂದು ಯಾರಿಗಾದರೂ ಏಕೆ ಅನ್ನಿಸಬೇಕು? ಕಣ್ಣಿದ್ದವರು ನೋಡಿ ಇಳಿಯುತ್ತಾರೆ. ಟೇಪಣ್ಣ ರಸ್ತೆಯ ಕಡೆಯಿಂದ ಗ್ಯಾಲರಿಯ ಮೇಲ್ತುದಿಗೆ ಬಂದು, ಹೆಗಲ ಮೇಲೆ ಸುಣ್ಣದ ಮೂಟೆ ಹೊತ್ತು, ಎಣಿಸಿಕೊಂಡು ಇಳಿದ. ಏಳು, ಎಂಟು, ಒಂಬತ್ತು ಎಂದು ಮುಗಿಸಿ, ನೆಲ ಬಂತೆಂದು ನಿಶ್ಚಿಂತೆಯಿಂದ ಬಲಗಾಲು ಮುಂದಿಟ್ಟ. ಅಲ್ಲಿ ನೆಲ ಇರಲಿಲ್ಲ.

ಕಣಕಾಲು ಎರಡು ಕಡೆ ಮುರಿದಿತ್ತು. ಆಪರೇಷನ್ ಆಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರಿಂದ, ವಾರ್ಡಿಗೆ ತಂದು ಮಲಗಿಸಿದಾಗ ಮಂಚದ ತುದಿಯಲ್ಲಿ ಒಂದು ದಪ್ಪ ಬಿಳಿ ಕಾಲು ಅವನಿಗೆ ಕಾಣಿಸಿತು. ಅದು ಅಲ್ಲಿಗೆ ಹೇಗೆ ಬಂತೆಂದು ತಿಳಿಯಲಿಲ್ಲ.

"ಸಿಸ್ಟರ್, ಈ ಕಾಲು ಯಾರದ್ದು?" ಎಂದು ಕೇಳಿದ.

"ನಿಮ್ದೇ ಅಣ್ಣಾ. ಇನ್ಯಾರು ಬಿಟ್ಟು ಹೋಗ್ತಾರೆ?" ಎಂದಳು ನರ್ಸು.

ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಮರುದಿನ ಎಕ್ಸ್‌ರೇ ತೋರಿಸಿ ಡಾಕ್ಟರು, "ಒಂದು ಪಟ್ಟಿ, ಏಳು ಸ್ಕ್ರೂ ಹಾಕಿದ್ದೀವಿ" ಅಂದರು. ಟೇಪಣ್ಣ ಎಣಿಸಿದ, ಎಂಟಿತ್ತು. ಮತ್ತೆ ಎಣಿಸಿದರೂ ಎಂಟೇ. ಡಾಕ್ಟರು ಹೋದ ಮೇಲೆ ಎರಡು ದಿನ ಅದೇ ಯೋಚನೆ. ಎಂಟನೆಯದು ಎಲ್ಲಿಂದ ಬಂತು? ತನ್ನ ಎಣಿಕೆ ಕೆಟ್ಟಿದೆಯೋ, ಡಾಕ್ಟರದ್ದೋ? ಮೂರನೆಯ ದಿನ ಧೈರ್ಯ ಮಾಡಿ ಕೇಳಿದಾಗ ಡಾಕ್ಟರು ನಕ್ಕು, "ಏಳು ಪಟ್ಟಿಗೆ, ಒಂದು ಒಳಮಗ್ಗುಲಿಗೆ" ಅಂದರು. ಹಾಗಾದರೆ ಎಂಟು ಎನ್ನಬಾರದಿತ್ತೇ? ಅವನಿಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಎರಡರಲ್ಲಿ ಯಾವುದನ್ನು ತೋರಿಸಬೇಕೆಂದು ತಿಳಿಯದೆ ಗೋಡೆಯ ಕಡೆ ಹೊರಳಿದ.

ಮನೆಗೆ ಬಂದ ಮೇಲಿನ ಆರು ವಾರ ಕಾಲನ್ನು ನೆಲಕ್ಕೆ ಊರುವ ಹಾಗಿರಲಿಲ್ಲ. ಸ್ಟೂಲಿನ ಮೇಲೆ ದಿಂಬು, ದಿಂಬಿನ ಮೇಲೆ ಕಾಲು. ಇಡೀ ದಿನ ಅದರ ಎದುರಿಗೆ ಕೂತು ನೆಂಟರನ್ನು ನೋಡಿದ ಹಾಗೆ ಅದನ್ನು ನೋಡುತ್ತಿದ್ದ. ನೋವಿನ ಮಾತ್ರೆ ನುಂಗಿದರೆ ಮಂಕು ಕವಿಯುತ್ತಿತ್ತು, ನುಂಗದಿದ್ದರೆ ಕಣ್ಣಲ್ಲಿ ನೀರು. ಒಮ್ಮೊಮ್ಮೆ ನೋವಿಲ್ಲದಾಗಲೂ ನೀರು ಬರುತ್ತಿತ್ತು. ಅದು ಯಾವ ಲೆಕ್ಕದ್ದೋ ಅವನಿಗೆ ಗೊತ್ತಾಗಲಿಲ್ಲ. ಹೆಂಡತಿ ಸ್ನಾನ ಮಾಡಿಸಲು ಬಂದರೆ ನಾಚಿಕೆ, ಬರದಿದ್ದರೆ ಕೋಪ.

"ನಿಮ್ಗೆ ಏನು ಬೇಕು ಅಂತ ಒಂದ್ಸಲ ಬಾಯ್ಬಿಟ್ಟು ಹೇಳಿ" ಅಂದಳು ಅವಳು ಒಂದು ದಿನ, ಬಕೆಟ್ಟು ಕೆಳಗಿಟ್ಟು.

"ಗೊತ್ತಿಲ್ಲ ಕಣೇ."

"ಗೊತ್ತಾದಾಗ ಹೇಳಿ. ಅಲ್ಲೀವರೆಗೂ ಕೈ ಎತ್ತಿ, ಬೆನ್ನುಜ್ಜಬೇಕು."

ಅವನ ನಿಜವಾದ ಭಯ ಏನೆಂದು ಅವನು ಯಾರಿಗೂ ಹೇಳಿರಲಿಲ್ಲ. ಕುಂಟುತ್ತೇನೆ ಎಂದಲ್ಲ. ಕುಂಟುವವರು ಎಷ್ಟೋ ಜನ ಕೆಲಸ ಮಾಡುತ್ತಾರೆ. ಹೆಜ್ಜೆ ಹೋಗಿಬಿಟ್ಟಿದ್ದರೆ? ಅದೊಂದೇ ಭಯ. ಆ ಎಪ್ಪತ್ತೈದು ಹೋದರೆ ತಾನು ಹುಲ್ಲು ಕತ್ತರಿಸುವ ಒಬ್ಬ ಮನುಷ್ಯ, ಅಷ್ಟೇ. ಟೇಪಣ್ಣ ಇರುವುದಿಲ್ಲ.

ಆ ದಿನಗಳಲ್ಲಿ ವಾರಕ್ಕೊಮ್ಮೆ ತಪ್ಪದೆ ಬಂದದ್ದು ಮಿಡತೆ ಒಬ್ಬಳೇ. ಹತ್ತನೆಯ ತರಗತಿಯ ಹುಡುಗಿ, ಶಾಲೆಯಲ್ಲೇ ಓಟಕ್ಕೆ ಎತ್ತಿದ ಕೈ. ಉದ್ದ ಕಾಲು, ಚೂಪು ಮೊಣಕೈ, ಒಂದು ಕಡೆ ನಿಲ್ಲುವ ಜಾತಿಯೇ ಅಲ್ಲ. ಅದಕ್ಕೇ ಅವನು ಆ ಹೆಸರಿಟ್ಟಿದ್ದ. ಆರನೆಯ ತರಗತಿಯಲ್ಲಿದ್ದಾಗ ಅವಳಿಗೆ ಹೆಜ್ಜೆ ಎಣಿಸಿಕೊಂಡು ಓಡುವುದನ್ನು ಕಲಿಸಿದವನೂ ಅವನೇ. ಬಂದವಳು ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು ವರದಿ ಒಪ್ಪಿಸುತ್ತಿದ್ದಳು.

"ಗ್ರೌಂಡಿಗೆಲ್ಲ ಹೊಸ ಮಣ್ಣು ಹಾಕ್ಸಿದ್ರು ಟೇಪಣ್ಣ. ನಿಮ್ಮ ಹಳೇ ಗೂಟಗಳೆಲ್ಲ ಒಳಗೆ ಹೋಗ್ಬಿಟ್ವು. ಶುರು ಮಾಡೋ ಕಡೆ ಇರೋ ಕಬ್ಬಿಣದ ಮೊಳೆ ಒಂದೇ ಉಳ್ಕೊಂಡಿರೋದು."

"ಇರ್ಲಿ ಬಿಡು, ಗೂಟ ಯಾರಿಗೆ ಬೇಕು?"

"ಅದನ್ನೇ ಮೇಷ್ಟ್ರೂ ಅಂದ್ರು. ಆಯ್ಕೆ ಓಟ ನೀವು ಬಂದ್ಮೇಲೇ ಅಂತೆ. ಹದಿಮೂರು ಪಾಯಿಂಟ್ ಮೂರರ ಒಳಗೆ ಬಂದ್ರೆ ದೊಡ್ಡ ಶಿಬಿರಕ್ಕೆ ಕಳಿಸ್ತಾರೆ. ಒಂದು ವರ್ಷ ಅಲ್ಲೇ ಇಟ್ಕೊಂಡು ಕಲಿಸ್ತಾರಂತೆ."

"ನಿಂದು ಈಗೆಷ್ಟು?"

"ಹದಿಮೂರು ಆರು. ಒಂದೊಂದ್ಸಲ ಏಳು." ಹಾಗೆಂದು ಅವಳು ಅವನ ಕಾಲನ್ನು ನೋಡಿದಳು, ಅವನು ಅವಳ ಕಾಲನ್ನು ನೋಡಿದ.

ಪ್ಲಾಸ್ಟರು ಬಿಚ್ಚಿದ ಮೇಲೆ ವ್ಯಾಯಾಮ ಶುರುವಾಯಿತು. ಒಳಗಿಂದ ಹೊರಬಂದ ಕಾಲು ಸಣ್ಣಗೆ, ಒಣಗಿ, ಬೇರೆ ಬಣ್ಣಕ್ಕೆ ತಿರುಗಿತ್ತು. ವ್ಯಾಯಾಮದ ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಆದರೆ ಮಾತು ಬಿಗಿ. ಮೊದಲ ದಿನವೇ ಒಂದು ಸೂತ್ರ ಕೊಟ್ಟಳು: ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು. ಟೇಪಣ್ಣನಿಗೆ ಇದು ತಲೆಗೆ ಹತ್ತಲೇ ಇಲ್ಲ. ಬಚ್ಚಲುಮನೆಯ ಒಂದೇ ಒಂದು ಮೆಟ್ಟಿಲಿನ ಮುಂದೆ ವಾಕರ್ ಹಿಡಿದು ನಿಂತು, ಇದು ಹತ್ತುವುದೋ ಇಳಿಯುವುದೋ, ಕೆಟ್ಟದ್ದು ಬಲವೋ ಎಡವೋ ಎಂದು ಲೆಕ್ಕ ಹಾಕುವಷ್ಟರಲ್ಲಿ ಬಂದ ಕೆಲಸವೇ ಅವಸರ ಮಾಡುತ್ತಿತ್ತು. "ಇನ್ನೂ ಚರ್ಚೆ ನಡೀತಿದೆಯಾ?" ಎಂದು ಹೆಂಡತಿ ಅಡುಗೆಮನೆಯಿಂದ ಕೂಗುತ್ತಿದ್ದಳು.

ವಾಕರ್ ಹೋಗಿ ಕೋಲು ಬಂತು, ಕೋಲೂ ಹೋಯಿತು. ಬಿದ್ದು ನಾಲ್ಕೂವರೆ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಟೇಪಣ್ಣ ತನ್ನ ಕಾಲಲ್ಲೇ ಶಾಲೆಗೆ ನಡೆದ. ಎಣಿಸಿಕೊಂಡು ನಡೆದ. ಗೇಟು ಮುಟ್ಟಿದಾಗ ಆರುನೂರ ಮೂವತ್ತೆಂಟು.

ಅವನು ಗೇಟಿನಲ್ಲೇ ನಿಂತ. ಇಪ್ಪತ್ತಾರು ಹೆಚ್ಚು. ದಾರಿಯಲ್ಲಿ ಪೈಪಿಗೆಂದು ಅಗೆದಿದ್ದರು, ಬಳಸಿಕೊಂಡು ಬಂದೆನಲ್ಲ ಎಂದುಕೊಂಡ. ಒಂದು ನಾಯಿಗೂ ದಾರಿ ಬಿಟ್ಟಿದ್ದೆ. ಅಂಗಡಿಯವನು ಮಾತಾಡಿಸಿದಾಗ ನಡುವೆ ಎಣಿಕೆ ತಪ್ಪಿರಲೂಬಹುದು. ಹೀಗೆ ನಾಯಿಗಿಷ್ಟು, ಪೈಪಿಗಿಷ್ಟು, ಅಂಗಡಿಯವನಿಗಿಷ್ಟು ಎಂದು ಹಂಚಿದಾಗ ಇಪ್ಪತ್ತಾರೂ ಕರಗಿಹೋದವು. ಮನುಷ್ಯ ತನಗೆ ಬೇಕಾದ ಲೆಕ್ಕವನ್ನು ಎಷ್ಟು ಚೆನ್ನಾಗಿ ಮಾಡುತ್ತಾನೆ!

ಶನಿವಾರ ಆಯ್ಕೆ ಓಟ. ಬೆಳಿಗ್ಗೆ ಬೇಗನೆ ಹೋಗಿ ಕಬ್ಬಿಣದ ಮೊಳೆಯ ಹತ್ತಿರ ನಿಂತ. ಗ್ಯಾಲರಿಯ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಬಿದ್ದಂದಿನಿಂದ ಆ ಕಡೆಗೆ ಕಾಲೇ ಹಾಕಿರಲಿಲ್ಲ. ಪಿ.ಟಿ. ಮೇಷ್ಟ್ರು, ಗುಮಾಸ್ತರು, ಹತ್ತಿಪ್ಪತ್ತು ಮಕ್ಕಳು ಸುಮ್ಮನೆ ನಿಂತು ನೋಡುತ್ತಿದ್ದರು. ಅಷ್ಟು ಜನ ತನ್ನ ಕಾಲನ್ನು ನೋಡುವಾಗ ಅವನಿಗೆ ಬೆವರಿತು. ಉಸಿರು ಬಿಗಿಹಿಡಿದು ನಡೆದ. ನೋವಿತ್ತು, ಇಲ್ಲವೆಂದಲ್ಲ, ಆದರೆ ಮುಖದಲ್ಲಿ ತೋರಿಸಲಿಲ್ಲ. ನೂರ ಮೂವತ್ತೊಂದು, ನೂರ ಮೂವತ್ತೆರಡು, ನೂರ ಮೂವತ್ತಮೂರು. ಮೇಲೊಂದು ಪಾದ. "ಇಲ್ಲಿ" ಎಂದು ಹಿಮ್ಮಡಿಯಿಂದ ಗುರುತು ಮಾಡಿ ಅಡ್ಡಗೆರೆ ಎಳೆದ. ಮಕ್ಕಳು ಚಪ್ಪಾಳೆ ತಟ್ಟಿದರು. ಅವನು ಮುಖ ಕಾಣದ ಹಾಗೆ ಸುಣ್ಣದ ಡಬ್ಬದ ಮೇಲೆ ಬಗ್ಗಿಕೊಂಡ.

ಮಿಡತೆ ಓಡಿದಳು. ಮೇಷ್ಟ್ರ ಗಡಿಯಾರದಲ್ಲಿ ಹದಿಮೂರು ಪಾಯಿಂಟ್ ಒಂದು. ಗುಮಾಸ್ತರ ಗಡಿಯಾರದಲ್ಲೂ ಅದೇ. ಗ್ರೌಂಡು ಕಿತ್ತುಹೋಗುವ ಹಾಗೆ ಕಿರುಚಾಟ. ಅಂದು ಓಡಿದವರೆಲ್ಲ ಚೆನ್ನಾಗಿಯೇ ಓಡಿದರು. ಪ್ರತಿ ವರ್ಷ ಕೊನೆಗೆ ಬಂದು ಬಿಸ್ಕತ್ತು ತಿನ್ನಲು ಕೂರುವ ಗುಂಡುಮರಿಯಂಥ ಹುಡುಗ ಕೂಡ ತನ್ನ ಸಮಯ ಕೇಳಿ ತಾನೇ ಮೂಗಿನ ಮೇಲೆ ಬೆರಳಿಟ್ಟುಕೊಂಡ.

"ಹೊಸ ಮಣ್ಣಿನ ಗುಣ ಇದು" ಅಂದರು ಮೇಷ್ಟ್ರು. "ಅಥವಾ ಟೇಪಣ್ಣ ಬಂದ ಗುಣ. ಸೋಮವಾರ ಮಧ್ಯಾಹ್ನ ಅರ್ಜಿ ಕಳಿಸ್ತೀನಿ. ಏನ್ರೀ ಟೇಪಣ್ಣ, ಕಾಲು ಮುರ್ಕೊಂಡ ಮೇಲೆ ಇನ್ನೂ ಚುರುಕಾಗಿದ್ದೀರಲ್ಲ!"

ಮಿಡತೆ ಏದುಸಿರು ಬಿಡುತ್ತಾ ಬಂದು ಅವನ ಎದುರು ನಿಂತಳು. ಏನೋ ಹೇಳಲು ಬಾಯಿ ತೆರೆದಳು. ಮತ್ತೆ ಸುಮ್ಮನಾಗಿ, ನಕ್ಕು, ಓಡಿಹೋದಳು. ಖುಷಿಗೆ ಮಾತು ಹೊರಡಲಿಲ್ಲ ಎಂದುಕೊಂಡ ಅವನು.

ಅದೇ ಸಂಜೆ ವ್ಯಾಯಾಮದ ಸರದಿ. ಡಾಕ್ಟರಮ್ಮ ಅಂದು ಹೊಸದೊಂದು ಪರೀಕ್ಷೆ ಇಟ್ಟಿದ್ದಳು. ನೆಲದ ಮೇಲೆ ಉದ್ದಕ್ಕೂ ಕಪ್ಪು ಕಾಗದ ಹಾಸಿ, ಅವನ ಅಂಗಾಲಿಗೆ ಪೌಡರು ಬಳಿದು, "ಯೋಚನೆ ಮಾಡದೆ ನಡೀರಿ" ಅಂದಳು. ನಡೆದ. ಕಾಗದದ ಮೇಲೆ ಬಿಳಿ ಹೆಜ್ಜೆಗಳು ಮೂಡಿದವು. ಅವಳು ಜೇಬಿನಿಂದ ಸಣ್ಣ ಟೇಪು ತೆಗೆದು ಅಳೆಯುತ್ತಾ ಗಟ್ಟಿಯಾಗಿ ಓದಿದಳು.

"ಬಲ ಎಪ್ಪತ್ತೈದು. ಎಡ ಅರವತ್ತೊಂಬತ್ತು. ಬಲ ಎಪ್ಪತ್ತೈದು. ಎಡ ಅರವತ್ತೊಂಬತ್ತು. ಭೇಷ್! ಹೋದ ತಿಂಗಳು ಕಣ್ಣಳತೆಗೆ ಎಡ ಐವತ್ತೂ ಇರ್ಲಿಲ್ಲ."

"ತಿರುಗಾಮುರುಗಾ ಹೇಳ್ತಿದ್ದೀರಿ ಡಾಕ್ಟರಮ್ಮ" ಅಂದ ಅವನು. "ಮುರಿದಿದ್ದು ಬಲಗಾಲು."

"ತಿರುಗಾಮುರುಗಾ ಅಲ್ಲ. ಮುರಿದ ಕಾಲು ಮುಂದೆ ಸರಿಯಾಗೇ ಬೀಳ್ತಿದೆ. ಎಡಗಾಲು ಎತ್ತಿದಾಗ ಭಾರ ಎಲ್ಲ ಬಲಗಾಲಿನ ಮೇಲೆ ನಿಲ್ಬೇಕಲ್ವಾ? ಅಲ್ಲಿ ಇನ್ನೂ ಬಿಗಿ ಇದೆ, ನಿಮ್ಗೆ ಹೆದರಿಕೆನೂ ಇದೆ. ಅದಕ್ಕೆ ಎಡಗಾಲು ಬೇಗ ಬೇಗ ಕೆಳಗೆ ಬಂದ್ಬಿಡತ್ತೆ. ಒಳ್ಳೆ ಕಾಲು ಮುರಿದ ಕಾಲನ್ನ ನಂಬ್ತಿಲ್ಲ, ಅಷ್ಟೇ. ದಿನಾ ಬಲಗಾಲಿನ ಮೇಲೆ ನಿಂತು ಅಭ್ಯಾಸ ಮಾಡಿ."

ಅವಳು ಇನ್ನೂ ಏನೇನೋ ಹೇಳಿದಳು. ಅವನ ಕಿವಿಯಲ್ಲಿ ಉಳಿದದ್ದು ಅರವತ್ತೊಂಬತ್ತು. ಆರು ಸೆಂಟಿಮೀಟರು ಕಡಿಮೆ. ನೂರ ಮೂವತ್ತಮೂರರಲ್ಲಿ ಎಡಗಾಲಿನ ಪಾಲು ಅರವತ್ತಾರು. ಅರವತ್ತಾರು ಆರಲಿ ಮುನ್ನೂರ ತೊಂಬತ್ತಾರು. ಹತ್ತಿರ ಹತ್ತಿರ ನಾಲ್ಕು ಮೀಟರು.

ಮನೆಗೆ ಬರುವ ದಾರಿಯುದ್ದಕ್ಕೂ ತನ್ನೊಂದಿಗೆ ತಾನೇ ಜಗಳವಾಡಿದ. ಅದು ಆಸ್ಪತ್ರೆಯ ನುಣ್ಣನೆಯ ನೆಲ, ಬರಿಗಾಲು. ಗ್ರೌಂಡಿನಲ್ಲಿ ನಾನು ಹಾಗೆ ನಡೆದಿಲ್ಲ, ಉಸಿರು ಬಿಗಿಹಿಡಿದು ನಡೆದಿದ್ದೇನೆ. ಆ ಹುಡುಗಿ ನಾಲ್ಕು ತಿಂಗಳು ಬೆವರು ಸುರಿಸಿಲ್ಲವೇ? ಅವಳಾಗಿ ಚುರುಕಾಗಬಾರದೇ? ಆದರೆ ಆ ಗುಂಡುಮರಿಯೂ ಚುರುಕಾದದ್ದು ಹೇಗೆ? ಮಣ್ಣು, ಹೊಸ ಮಣ್ಣು. ಮತ್ತೆ ಆ ಇಪ್ಪತ್ತಾರು ಹೆಜ್ಜೆ? ನಾಯಿ. ಒಂದು ನಾಯಿ ಎಷ್ಟು ಹೆಜ್ಜೆಯನ್ನು ತಾನೇ ಹೊತ್ತೀತು?

ಗೆರೆ ಸರಿಯಾಗಿದ್ದರೆ ಅವನಿಗೆ ಹೆಜ್ಜೆ ವಾಪಸು ಬಂದಿದೆ, ಹುಡುಗಿಗೆ ಶಿಬಿರ ಸಿಕ್ಕಿದೆ. ಗೆರೆ ತಪ್ಪಿದ್ದರೆ ಇಬ್ಬರದ್ದೂ ಹೋಯಿತು. ಅಳೆಯದಿದ್ದರೆ ಎರಡೂ ಉಳಿಯುತ್ತವೆ. ಅಳೆಯಲು ಹೇಳುವವರು ಯಾರೂ ಇಲ್ಲ.

ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಹೆಂಡತಿ ಅವನ್ನು ಎತ್ತಿ ಅಡಿಮೇಲು ಮಾಡಿದಳು. "ನೋಡಿ, ಹೊಸ ಚಪ್ಪಲಿ. ಎಡಗಡೆದು ಆಗ್ಲೇ ಸವೆದಿದೆ. ಬಲಗಡೆದು ಅಂಗಡಿಯಿಂದ ತಂದ ಹಾಗೇ ಇದೆ. ಭಾರನೆಲ್ಲ ಅದರ ಮೇಲೇ ಹಾಕ್ಬೇಡ್ರೀ."

"ಅಂದ್ರೆ ನಾನು ಸರಿಹೋಗಿಲ್ಲ ಅಂತೀಯಾ?"

"ಸರಿಹೋಗ್ತಿದ್ದೀರಿ ಅಂದೆ. ಅದೇನು ಬೈಗುಳವಾ?" ಅಂದಳು. ಗಂಡನ ಮುಖ ಅಷ್ಟು ಸಪ್ಪಗಾದದ್ದು ಏಕೆಂದು ಅವಳಿಗೆ ಅರ್ಥವಾಗಲಿಲ್ಲ. ಅವನಿಗೂ ಪೂರ್ತಿ ಅರ್ಥವಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಬಟ್ಟೆಯ ಬಕೆಟ್ಟು ಹಿಡಿದು ಹಿತ್ತಿಲಿಗೆ ಬಂದಾಗ ಟೇಪಣ್ಣ ಕಂಬದ ಗಂಟು ಬಿಚ್ಚುತ್ತಿದ್ದ. ಒದ್ದೆ ಬಟ್ಟೆ ಹಿಡಿದುಕೊಂಡೇ ಅವಳು ನಿಂತಳು.

"ಇದೇನ್ರೀ?"

"ಟೇಪು ಬೇಕು."

"ನಿಮ್ಗೆ? ಟೇಪು?"

ಅವನು ಟೇಪನ್ನು ಸುತ್ತಿಕೊಳ್ಳತೊಡಗಿದ. ಅವಳು ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. ಇನ್ನೊಂದು ತುದಿಯ ಗಂಟನ್ನು ತಾನೇ ಬಿಚ್ಚಿ ಕೊಟ್ಟಳು.

ಮೈದಾನದಲ್ಲಿ ಯಾರೂ ಇರುವುದಿಲ್ಲ ಎಂದುಕೊಂಡಿದ್ದ. ಮಿಡತೆ ಇದ್ದಳು. ಮುಗಿಯುವ ಗೆರೆಯ ಮೇಲೆ ಸೊಂಟಕ್ಕೆ ಕೈಕೊಟ್ಟು, ಸುಣ್ಣವನ್ನೇ ನೋಡುತ್ತಾ ನಿಂತಿದ್ದಳು. ಅವನ ಕೈಯಲ್ಲಿದ್ದದ್ದನ್ನು ಕಂಡು ಅವಳ ಮುಖದ ಬಣ್ಣ ಇಳಿಯಿತು. ಬಂದು ಟೇಪಿನ ಹರಿದ ತುದಿ ಹಿಡಿದು ಕಬ್ಬಿಣದ ಮೊಳೆಯ ಹತ್ತಿರ ಕೂತಳು.

"ಒಂದರ ಗೆರೆ ಮೊಳೆ ಮೇಲಿಡು" ಅಂದ. "ಮೊದಲನೇ ಮೀಟರು ಇಲ್ಲ ಅದಕ್ಕೆ."

ಒಂದು ಸಲಕ್ಕೆ ಇಪ್ಪತ್ತೊಂಬತ್ತು ಮೀಟರು. ಮೂರು ಸಲಕ್ಕೆ ಎಂಬತ್ತೇಳು. ನಾಲ್ಕನೆಯ ಸಲ ಟೇಪು ಎಳೆದುಕೊಂಡು ಗೆರೆಯವರೆಗೆ ಬಂದು ಬಗ್ಗಿದ. ಹತ್ತು ಎಂದಿತ್ತು; ಅಂದರೆ ಒಂಬತ್ತು. ತೊಂಬತ್ತಾರು ಮೀಟರು, ಮೇಲೆ ಎರಡು ಬೆರಳು. ಬಗ್ಗಿದವನು ಅಲ್ಲೇ ಕೂತುಬಿಟ್ಟ.

"ನಂಗೆ ಗೊತ್ತಿತ್ತು" ಅಂದಳು ಮಿಡತೆ, ಅವನ ಹಿಂದೆ ನಿಂತು.

"ಏನು ಗೊತ್ತಿತ್ತು?"

"ನಾನು ನೂರು ಮೀಟರು ಐವತ್ತೆಂಟು ಹೆಜ್ಜೇಲಿ ಓಡ್ತೀನಿ. ಯಾವತ್ತೂ ಅಷ್ಟೇ. ನೀವೇ ಅಲ್ವಾ ಎಣಿಸೋಕೆ ಹೇಳಿಕೊಟ್ಟಿದ್ದು? ನಿನ್ನೆ ಐವತ್ತಾರಕ್ಕೇ ಗೆರೆ ಬಂತು. ಹೇಳ್ಬೇಕು ಅಂತ ಬಂದೆ. ನೀವು ಅಷ್ಟು ಖುಷಿಯಾಗಿದ್ರಿ. ಎಲ್ರೂ ಚಪ್ಪಾಳೆ ಬೇರೆ ತಟ್ಟಿದ್ರು." ಸ್ವಲ್ಪ ತಡೆದು ಹೇಳಿದಳು, "ನಂಗೂ ಆಸೆ ಆಯ್ತು."

ಟೇಪಣ್ಣ ಏನು ಹೇಳಬೇಕೆಂದು ಹುಡುಕಿದ. ಬೈಯಬೇಕೋ, ಕ್ಷಮೆ ಕೇಳಬೇಕೋ? ತನಗಾಗಿ ಸುಮ್ಮನಿದ್ದಳಲ್ಲ ಎಂದು ಸಂತೋಷ ಪಡಬೇಕೋ, ತನ್ನ ಖುಷಿಗೆ ಒಂದು ಮಗು ಸುಳ್ಳು ನುಂಗಬೇಕಾಯಿತಲ್ಲ ಎಂದು ಹಣೆ ಚಚ್ಚಿಕೊಳ್ಳಬೇಕೋ?

"ಮೇಷ್ಟ್ರಿಗೆ ಹೇಳ್ತೀನಿ" ಅಂದ ಕೊನೆಗೆ.

"ಹೇಳಿ" ಅಂದಳು. ಆ ಧ್ವನಿ ಯಾರೋ ಬೇರೆಯವರದ್ದು ಎನ್ನುವ ಹಾಗಿತ್ತು.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಮೊದಲು ನಂಬಲಿಲ್ಲ, ಆಮೇಲೆ ಬೈದರು, ಆಮೇಲೆ ಬೈದದ್ದಕ್ಕೆ ನಾಚಿಕೊಂಡರು. ಟೇಪು ಹಿಡಿದು ಹೊಸ ಗೆರೆ ಎಳೆದದ್ದಾಯಿತು. ಟೇಪಣ್ಣ ಒಂದು ತುದಿ ಹಿಡಿದು ಕೂತಿದ್ದ, ಅಷ್ಟೇ. ಮಿಡತೆ ಹಲ್ಲು ಕಚ್ಚಿ ಓಡಿದಳು. ಹದಿಮೂರು ಪಾಯಿಂಟ್ ಐದು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಓಡಿದಳು. ಹದಿಮೂರು ಪಾಯಿಂಟ್ ಐದು. ಮೇಷ್ಟ್ರು ಅರ್ಜಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಆರು ತಿಂಗಳಿಗೆ ಇನ್ನೊಂದು ಆಯ್ಕೆ ಇದೆ" ಎಂದು ಯಾರ ಮುಖವನ್ನೂ ನೋಡದೆ ಹೇಳಿ ಗುಮಾಸ್ತರ ಜೊತೆ ಒಳಗೆ ಹೋದರು.

ಮಿಡತೆ ಗ್ಯಾಲರಿ ಹತ್ತಿ ತುತ್ತತುದಿಯಲ್ಲಿ ಮುಖ ಮೊಣಕಾಲಿಗೆ ಒತ್ತಿಕೊಂಡು ಕೂತಳು. ಕೆಳಗೆ ನಿಂತ ಟೇಪಣ್ಣನಿಗೆ ದಿಕ್ಕು ತೋಚಲಿಲ್ಲ. ಅವಳನ್ನು ಹಾಗೆ ಬಿಟ್ಟು ಹೋಗುವಂತಿಲ್ಲ. ಮೇಲೆ ಹತ್ತೋಣವೆಂದರೆ ಅದೇ ಮೆಟ್ಟಿಲು. ಹತ್ತುವಾಗ ಒಳ್ಳೆಯ ಕಾಲು ಮೊದಲು. ಯಾವುದು ಒಳ್ಳೆಯದು? ಎರಡು ದಿನದಿಂದ ಅದೇ ಅವನಿಗೆ ತಿಳಿಯದಾಗಿತ್ತು. ಸುಳ್ಳು ಹೇಳಿದ್ದು ಎಡಗಾಲು, ಸರಿಯಾಗಿ ಬಿದ್ದದ್ದು ಮುರಿದ ಬಲಗಾಲು. ಕೊನೆಗೆ ಯಾವುದೋ ಒಂದನ್ನು ಎತ್ತಿಟ್ಟ. ಕಂಬಿ ಹಿಡಿದು ಒಂದೊಂದೇ ಹತ್ತಿದ.

ಅವಳಿಂದ ಒಂದು ಮಾರು ದೂರದಲ್ಲಿ ಕೂತ.

"ಯಾಕೆ ಅಳೆದ್ರಿ?" ಅಂದಳು ಅವಳು, ತಲೆ ಎತ್ತದೆ. "ಯಾರು ಹೇಳಿದ್ರು ನಿಮ್ಗೆ ಅಳೀರಿ ಅಂತ? ನಾನು ಸುಮ್ನೆ ಇದ್ನಲ್ಲ!"

"ಗೊತ್ತಿಲ್ಲ ಕಣೇ" ಅಂದ. ಹೇಳಿದ ಮೇಲೆ ಅದು ಸುಳ್ಳೆನ್ನಿಸಿತು. "ಅಲ್ಲಿಗೆ ಹೋದ್ಮೇಲೆ ನಿನ್ನ ಓಡಿಸ್ತಾರೆ. ಅಲ್ಲಿನ ನೂರು ನೂರೇ ಇರತ್ತೆ. ಆಗ ನಿನ್ನ ಕಾಲು ಸರಿ ಇಲ್ಲ ಅಂದ್ಕೊಳ್ತಿದ್ದೆ ನೀನು. ತಪ್ಪು ನಂದು ಅಂತ ನಿಂಗೆ ಗೊತ್ತಿದ್ರೂ ಹಾಗೇ ಅನ್ಸತ್ತೆ. ಅದು ಎಷ್ಟು ಕೆಟ್ಟದ್ದು ಅಂತ ನಂಗೆ ಗೊತ್ತು."

ಅವಳು ಅತ್ತಳು. ಅವನಿಗೂ ಅಳು ಬಂತು, ಈ ಸಲ ಅದು ಯಾವ ಲೆಕ್ಕದ್ದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. "ನನ್ನ ಹೆಜ್ಜೆ ಹೋಯ್ತು ಮಗಳೇ" ಅಂದ. ನಾಲ್ಕೂವರೆ ತಿಂಗಳಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದ.

ಪಾಠದ ಗಂಟೆ ಹೊಡೆಯಿತು. ಮಿಡತೆ ತೋಳಿನಿಂದ ಮೂಗು ಒರೆಸಿಕೊಂಡು ಎದ್ದಳು.

"ಬನ್ನಿ, ಇಳೀರಿ."

"ನೀನು ಹೋಗು, ನಾನು ಬರ್ತೀನಿ."

"ಇಳೀರಿ ಅಂದೆ."

ಅವಳು ಪಕ್ಕದಲ್ಲಿ ಇಳಿದಳು, ಕೈ ಹಿಡಿಯಲಿಲ್ಲ. ಅವನು ಎಣಿಸಿಕೊಂಡೇ ಇಳಿದ, ಅಭ್ಯಾಸ ಬಿಡುವುದೆಲ್ಲಿ. ಎಂಟು, ಒಂಬತ್ತು. ಅಲ್ಲಿ ನಿಂತ. ಬಗ್ಗಿ ಕಣ್ಣಿಟ್ಟು ನೋಡಿದ. ಬೂದು ಸಿಮೆಂಟಿನ ಹತ್ತನೆಯ ಮೆಟ್ಟಿಲು, ಅಂಚಿನಲ್ಲಿ ಇನ್ನೂ ಅವನ ಮೂಟೆಯಿಂದ ಚೆಲ್ಲಿದ ಸುಣ್ಣದ ಕಲೆ. ಬಲಗಾಲು ಇಟ್ಟ. ಅದರ ಮೇಲೆ ಭಾರ ಬಿಟ್ಟ. ಕಾಲು ಹಿಡಿಯಿತು.

"ಹತ್ತು" ಅಂದ.

"ಹತ್ತು" ಅಂದಳು ಮಿಡತೆ. ನೆಲಕ್ಕೆ ಬಂದ ಮೇಲೆ ಅವನನ್ನು ಕಬ್ಬಿಣದ ಮೊಳೆಯ ಹತ್ತಿರ ಕರೆದುಕೊಂಡು ಹೋದಳು. "ಈಗ ನಡೀರಿ. ಹೊಸ ಗೆರೆ ತನಕ. ಉಸಿರು ಬಿಗಿಹಿಡೀಬೇಡಿ, ನಿಮ್ಗೆ ಹೇಗೆ ಬರತ್ತೋ ಹಾಗೆ ನಡೀರಿ. ನಾನೂ ಎಣಿಸ್ತೀನಿ."

ಅವನಿಗೆ ಇಷ್ಟವಿರಲಿಲ್ಲ. ಆದರೂ ನಡೆದ. ಬಲ ಉದ್ದ, ಎಡ ಗಿಡ್ಡ, ಬಲ ಉದ್ದ, ಎಡ ಗಿಡ್ಡ. ನೂರ ಮೂವತ್ತಮೂರು ದಾಟಿದರೂ ಗೆರೆ ಇನ್ನೂ ಮುಂದಿತ್ತು. ನೂರ ಮೂವತ್ತೊಂಬತ್ತಕ್ಕೆ ಅವನ ಹೆಬ್ಬೆರಳು ಸುಣ್ಣ ಮುಟ್ಟಿತು.

"ಎಷ್ಟು ಬಂತು?" ಎಂದು ಕೇಳಿದಳು.

"ನೂರ ಮೂವತ್ತೊಂಬತ್ತು."

"ನಂದೂ ಅಷ್ಟೇ ಬಂತು. ಸರಿ, ಇದು ಇವತ್ತಿಂದು. ವಾರ ಬಿಟ್ಟು ಮತ್ತೆ ನಡೀಬೇಕು ನೀವು, ನಾನು ಮತ್ತೆ ಓಡ್ತೀನಿ. ಆಗ ನೂರ ಮೂವತ್ತೆಂಟಾಗತ್ತೆ."

"ಆಗದಿದ್ರೆ?"

ಮಿಡತೆ ಯೋಚಿಸಿದಳು. ಅವಳ ಕಣ್ಣು ಇನ್ನೂ ಕೆಂಪಗಿತ್ತು.

"ಆಗದಿದ್ರೆ ನೂರ ಮೂವತ್ತೊಂಬತ್ತೇ ಟೇಪಣ್ಣ. ಆದ್ರೂ ಇದು ನೂರು ಮೀಟರೇ ಅಲ್ವಾ?"